ನುಂಗಿದ ಪೆಟ್ಟು

ತೂಬಗೆರೆಯ ಚಿಕ್ಕವೆಂಕಟಪ್ಪನಿಗೆ ಇದ್ದ ಆಸ್ತಿಯೆಂದರೆ ಊರಾಚೆಯ ಒಂದಿಷ್ಟು ರಾಗಿ ಹೊಲ, ಒಂದು ಜೊತೆ ಎತ್ತು ಮತ್ತು ಅವನ ಎರಡು ಕಿವಿಗಳು. ಹೊಲವೂ ಎತ್ತೂ ಊರಿನಲ್ಲಿ ಬಹಳ ಮಂದಿಗೆ ಇದ್ದವು. ಅಂಥ ಕಿವಿ ಮಾತ್ರ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ಇನ್ನೊಬ್ಬರಿಗೆ ಇಲ್ಲವೆಂದು ಜನ ಹೇಳುತ್ತಿದ್ದರು. ಜನ ಹೇಳುವುದಕ್ಕಿಂತ ಮೊದಲೇ ಅವನೂ ಹೇಳುತ್ತಿದ್ದ.

ಅವನು ಹಾಡುವವನಲ್ಲ, ಬಾರಿಸುವವನೂ ಅಲ್ಲ. ಅವನು ದನಿಯೆತ್ತಿ ಹಾಡಿದರೆ ನೊಗದಲ್ಲಿದ್ದ ಎತ್ತುಗಳೇ ತಿರುಗಿ ನೋಡುತ್ತಿದ್ದವು. ಆದರೆ ಭಜನೆಯಲ್ಲಿ ತಾಳ ಕೂದಲೆಳೆಯಷ್ಟು ಜಾರಿದರೂ ಅವನಿಗೆ ತಿಳಿಯುತ್ತಿತ್ತು. ಅದಕ್ಕಾಗಿಯೇ ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ಶಾಲೆಯ ಬಯಲಿನಲ್ಲಿ ನಡೆಯುವ ಹೋಬಳಿಯ ಭಜನೆ ಪಂದ್ಯಕ್ಕೆ ಅವನೇ ತೀರ್ಪುಗಾರನಾಗಿದ್ದ. ತಂಡಗಳು ಚಪ್ಪರದ ಕೆಳಗೆ ಕುಳಿತು ಹಾಡುತ್ತಿದ್ದವು. ಚಿಕ್ಕವೆಂಕಟಪ್ಪ ಅವರಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಮರದ ಕುರ್ಚಿಯಲ್ಲಿ ಕೂರುತ್ತಿದ್ದ. ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ತಾಳ ಎಣಿಸುತ್ತ ನಡೆಯುತ್ತಿತ್ತು. ತಾಳ ತಪ್ಪಿದ ಕೂಡಲೇ ಹೆಬ್ಬೆರಳು ನಿಲ್ಲುತ್ತಿತ್ತು. "ಬಿತ್ತು" ಎನ್ನುತ್ತಿದ್ದ. ಅಷ್ಟೇ. ಆ ತಂಡ ಹಾಡನ್ನು ಅಲ್ಲಿಗೇ ನಿಲ್ಲಿಸಿ ಎದ್ದು ಹೋಗಬೇಕಾಗಿತ್ತು. ದೇವರ ನಾಮವನ್ನು ಅರ್ಧಕ್ಕೆ ನಿಲ್ಲಿಸುವುದು ಪಾಪವಲ್ಲವೇ ಎಂದು ಒಮ್ಮೆ ಒಬ್ಬರು ಕೇಳಿದ್ದಕ್ಕೆ, "ತಪ್ಪು ತಾಳದಾಗೆ ಪೂರ್ತಿ ಹಾಡಿದ್ರೆ ಪುಣ್ಯ ಬತ್ತದಾ?" ಎಂದು ತಿರುಗಿ ಕೇಳಿದ್ದ.

ಬೀಳದೆ ಹಾಡಿದವರನ್ನು ಅವನು ಹೊಗಳುತ್ತಲೂ ಇರಲಿಲ್ಲ. ಸುಮ್ಮನೆ ಕುಳಿತಿರುತ್ತಿದ್ದ. ಆ ಸುಮ್ಮನಿರುವಿಕೆಯನ್ನೇ ತಂಡಗಳು ಬಹುಮಾನವೆಂದು ತಿಳಿದು, ವರ್ಷವಿಡೀ ಹೇಳಿಕೊಂಡು ತಿರುಗುತ್ತಿದ್ದವು.

ಮನೆಯಲ್ಲಿಯೂ ಈ ಚಾಳಿ ಬಿಡಲಿಲ್ಲ. ಹೆಂಡತಿ ಮುನಿತಾಯಮ್ಮ ಒರಳಿನಲ್ಲಿ ಖಾರ ಕುಟ್ಟುವಾಗ ಜಗಲಿಯಿಂದ "ಬಿತ್ತು" ಎಂದು ಕೂಗುತ್ತಿದ್ದ.

"ಬಿದ್ರೆ ಬಂದು ಎತ್ಕೋ" ಎಂದು ಆಕೆ ಒಳಗಿನಿಂದ ಹೇಳುತ್ತಿದ್ದಳು. "ಒನಕೆನೂ ಇಲ್ಲೇ ಐತೆ."

ಅರವತ್ತೆಂಟನೇ ಇಸವಿಯ ಪಂದ್ಯದಲ್ಲಿ ಪಿಳ್ಳಣ್ಣನ ತಂಡ ಕೊನೆಯ ಸುತ್ತಿಗೆ ಬಂದಿತ್ತು. ಪಿಳ್ಳಣ್ಣ ಅದೇ ಊರಿನವನು, ಡೋಲಕ್ ಬಾರಿಸುವವನು. ಅಲ್ಲಿಯವರೆಗೆ ಯಾವ ವರ್ಷವೂ ಚಿಕ್ಕವೆಂಕಟಪ್ಪನ ಬಾಯಿಂದ "ಬಿತ್ತು" ಎಂಬ ಮಾತು ಕೇಳಿದವನಲ್ಲ. ಆ ಸಲ ಮಾತ್ರ ಪಿಳ್ಳಣ್ಣನ ಹೆಂಡತಿ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಬೇಡವೆಂದರೂ ತಂಡದವರು ಕರೆತಂದು ಕೂರಿಸಿದ್ದರು. ಕಾಲೇಜು ಓದುತ್ತಿದ್ದ ಮಗ ರಾಮಾಂಜಿನಪ್ಪ ಪಕ್ಕದಲ್ಲಿ ತಾಳ ಹಿಡಿದು ಕುಳಿತಿದ್ದ. ಮಂಗಳಕ್ಕೆ ಇನ್ನೇನು ಎರಡು ಸಾಲು ಇದೆಯೆನ್ನುವಾಗ ಪಿಳ್ಳಣ್ಣನ ಎಡಗೈ ಒಂದು ಪೆಟ್ಟನ್ನು ಮರೆಯಿತು.

"ಬಿತ್ತು."

ಜನ ಗುಜುಗುಜು ಎಂದರು. ಪಂದ್ಯದ ಯಜಮಾನಿಕೆ ವಹಿಸಿದ್ದ ಅಪ್ಪಯ್ಯಣ್ಣ ಕುರ್ಚಿಯ ಬಳಿ ಬಂದು ಬಗ್ಗಿ, "ಲೇ ಚಿಕ್ಕೆಂಕಟಪ್ಪ, ಮನೇಲಿ ಸಾವಾಗೈತೆ ಕಣೋ ಅವ್ನಿಗೆ. ಒಂದ್ ಸಲ ಬಿಟ್ಬಿಡಪ್ಪ" ಎಂದ.

ಚಿಕ್ಕವೆಂಕಟಪ್ಪ ಕಣ್ಣು ತೆರೆಯಲಿಲ್ಲ. "ಸೂತಕ ಮನೇಗೆ, ತಾಳಕ್ಕಲ್ಲ" ಎಂದ. ತಗ್ಗಿದ ದನಿಯಲ್ಲಿ ಹೇಳಿದ್ದರೂ ಚಪ್ಪರದಲ್ಲಿದ್ದ ಎಲ್ಲರಿಗೂ ಕೇಳಿಸಿತು.

ಪಿಳ್ಳಣ್ಣ ಎದ್ದು ಹೋದ. ಅಂದಿನಿಂದ ಡೋಲಕ್ ಮುಟ್ಟಲಿಲ್ಲ. ಚಿಕ್ಕವೆಂಕಟಪ್ಪನೊಡನೆ ಮಾತೂ ಬಿಟ್ಟ. ಇವನಿಗೆ ಅದರಿಂದ ಬೇಸರವಾಯಿತೋ ಇಲ್ಲವೋ, ತೋರಗೊಡಲಿಲ್ಲ. ತಪ್ಪಾಗಿದ್ದು ನಿಜ, ಹೇಳಿದ್ದೂ ನಿಜ, ಅದರಲ್ಲಿ ಬೇಸರಕ್ಕೆ ಏನಿದೆ ಎಂಬುದು ಅವನ ಲೆಕ್ಕವಾಗಿತ್ತು.

ರಾಮಾಂಜಿನಪ್ಪ ಮುಂದೆ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ. ಎಪ್ಪತ್ತನಾಲ್ಕರಲ್ಲಿ, ಪಂದ್ಯ ಇನ್ನೂ ಸ್ವಲ್ಪ ದೂರವಿರುವಾಗ, ರಜೆ ಹಾಕಿ ಊರಿಗೆ ಬಂದ. ಜೊತೆಗೆ ಸೆಲ್ಲು ಹಾಕಿ ನಡೆಸುವ ಒಂದು ರೆಕಾರ್ಡ್ ಪ್ಲೇಯರ್ ತಂದಿದ್ದ. ಕಂಕುಳಲ್ಲಿ ಹಂಡೆಯ ಮುಚ್ಚಳದಷ್ಟು ಅಗಲದ ಒಂದು ಹಾಡಿನ ಪ್ಲೇಟು. ಅದರ ಹೊದಿಕೆಯ ಮೇಲೆ ಹಾಡುವವರ ಮುಖವಿರಲಿಲ್ಲ. ಒಂದು ಬೋಳುಗುಡ್ಡ, ಗುಡ್ಡದ ಮೇಲೆ ಗಾಳಿಯಲ್ಲಿ ತೇಲುವ ಒಂದು ಬಾಗಿಲು.

ಅವನು ನೇರವಾಗಿ ಚಿಕ್ಕವೆಂಕಟಪ್ಪನ ಜಗಲಿಗೆ ಬಂದು ಕೈಮುಗಿದ.

"ಅಣ್ಣಾ, ಒಂದು ನ್ಯಾಯ ತೀರಿಸಿಕೊಡಬೇಕು. ಇದು ವಿಲಾಯಿತಿ ಹಾಡು. ರಾಕ್ ಅಂತಾರೆ, ಅದ್ರಾಗೆ ಪ್ರೋಗ್ರೆಸಿವ್ ರಾಕ್ ಅಂತ ಒಂದು ಜಾತಿ. ನಮ್ಮ ಇಂಜಿನಿಯರ್ ಸಾಹೇಬರ ಮನೇಲಿ ಇದರ ಮೇಲೆ ದೊಡ್ಡ ಜಗಳ. ತಾಳ ಐತೆ ಅಂತ ಅರ್ಧ ಜನ, ಬರೀ ಗಲಾಟೆ ಅಂತ ಅರ್ಧ ಜನ. ನಮ್ಮೂರಾಗೆ ಒಬ್ರು ಅವ್ರೆ, ಅವ್ರು ಹೇಳಿದ್ರೆ ಮುಗೀತು ಅಂತ ಮಾತು ಕೊಟ್ಟು ಬಂದಿದೀನಿ."

ಚಿಕ್ಕವೆಂಕಟಪ್ಪನ ಮನಸ್ಸಿನಲ್ಲಿ ಪಿಳ್ಳಣ್ಣನ ನೆನಪು ಒಮ್ಮೆ ಹಾದುಹೋಯಿತು. ಆದರೆ ಬೆಂಗಳೂರಿನ ಇಂಜಿನಿಯರರು ತನ್ನ ಮಾತಿಗಾಗಿ ಕಾಯುತ್ತಿದ್ದಾರೆಂಬ ಸಂಗತಿ ಅದನ್ನು ಪಕ್ಕಕ್ಕೆ ತಳ್ಳಿತು.

"ಒಂದ್ ಸಲ ಕೇಳಿ ಹೇಳೋ ಪದಾರ್ಥ ಅಲ್ಲ ಇದು ಅನ್ಸುತ್ತೆ" ಎಂದ, ಪ್ಲೇಟನ್ನು ಬೆಳಕಿಗೆ ಹಿಡಿಯದೆ, ಹೊದಿಕೆಯನ್ನೇ ನೋಡುತ್ತ.

"ಅದಕ್ಕೇನಣ್ಣ, ದಿನಾ ಮನೇಗೆ ಬನ್ನಿ, ಹಾಕ್ತೀನಿ. ಪಂದ್ಯದ ದಿನ ಎಲ್ಲರ ಮುಂದೆ ಹೇಳೋರಂತೆ."

ಹೀಗೆ ಅವನು ಪ್ರತಿದಿನ ಸಂಜೆ ಪಿಳ್ಳಣ್ಣನ ಮನೆಯ ಜಗಲಿಗೆ ಹೋಗತೊಡಗಿದ. ಪಿಳ್ಳಣ್ಣ ಒಳಗೇ ಇರುತ್ತಿದ್ದ, ಹೊರಗೆ ಬರುತ್ತಿರಲಿಲ್ಲ.

ಮೊದಲ ಸಂಜೆ ಅವನಿಗೆ ಕೇಳಿದ್ದು ಗದ್ದಲವಷ್ಟೆ. ಪ್ಲೇಟಿನ ಒಂದು ಮಗ್ಗುಲಿಗೆಲ್ಲ ಒಂದೇ ಹಾಡು. ಮುಳ್ಳು ಅಂಚಿನಿಂದ ನಡುವಿನವರೆಗೆ ಹೋದರೂ ನಿಲುಗಡೆಯಿಲ್ಲ. ಹಾಡುವವನು ಸ್ವಲ್ಪ ಹಾಡಿ ಎಲ್ಲಿಗೋ ಹೋಗಿಬಿಡುತ್ತಾನೆ. ಬಹಳ ಹೊತ್ತು ಬರೀ ವಾದ್ಯ. ಹಾರ್ಮೋಣಿಯ ಅಣ್ಣನಂಥ ಒಂದು ವಾದ್ಯ ಗುಡುಗುತ್ತದೆ, ತಂತಿಯದು ಅರಚುತ್ತದೆ, ಇದ್ದಕ್ಕಿದ್ದ ಹಾಗೆ ಎಲ್ಲ ಅಡಗಿ ಒಂದು ಕೊಳಲು ಮಾತ್ರ ಉಳಿಯುತ್ತದೆ.

"ಹೆಂಗೈತಣ್ಣ?" ಎಂದ ರಾಮಾಂಜಿನಪ್ಪ.

"ಇದು ಹಾಡಲ್ಲ ಕಣಪ್ಪ, ಕೇಳಿಕೆ ಆಟ. ಸಂಜೆ ಶುರುವಾಗಿ ಬೆಳಗಾನಾ ನಡೆಯೋ ಆಟಾನ ಹಿಂಡಿ ಒಂದು ಪ್ಲೇಟಿಗೆ ತುಂಬವ್ರೆ. ನಾಳೆ ಬತ್ತೀನಿ."

ಮಾರನೆಯ ದಿನ ಅವನ ಹೆಬ್ಬೆರಳಿಗೆ ಏಳು ಪೆಟ್ಟಿನ ಒಂದು ನಡೆ ಸಿಕ್ಕಿತು. ಅದರ ಮರುದಿನ ಏಳು ಒಡೆದು ಐದಾಗುವ ಜಾಗ ಸಿಕ್ಕಿತು. ಹಿಂದೆ ಗಲಾಟೆಯಂತೆ ಕೇಳಿದ್ದು ಈಗ ಒಂದೊಂದೇ ಬಾಗಿಲು ತೆರೆದುಕೊಂಡು ಕೋಣೆಗಳಾಗುತ್ತಿತ್ತು. ಕೊಳಲಿನವನು ಸೋಮಾರಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೂರುತ್ತಾನೆ. ತಂತಿಯವನಿಗೆ ತನ್ನ ಬೆರಳಿನ ಮೇಲೆ ತನಗೇ ಮೋಹ. ಹಾಡುವವನು ಬಂದಾಗಲೆಲ್ಲ ಆಟ ಸಪ್ಪೆಯಾಗುತ್ತದೆ. ಆದರೆ ಬಾರಿಸುವವನು! ಉಳಿದವರೆಲ್ಲ ಎಲ್ಲೆಲ್ಲಿ ಅಲೆದು ಬಂದರೂ ಅವನೊಬ್ಬ ಮನೆಯ ದೀಪ ಆರದಂತೆ ನೋಡಿಕೊಂಡಿರುತ್ತಾನೆ. ಚಿಕ್ಕವೆಂಕಟಪ್ಪನಿಗೆ ಆ ಮುಖ ಕಾಣದ ಬಿಳಿಯನ ಮೇಲೆ ಗೌರವ ಹುಟ್ಟಿತು.

ಆಮೇಲೆ ಅವನಿಗೆ ಆ ಜಾಗ ಸಿಕ್ಕಿತು.

ಕೊಳಲು ಮುಗಿದು ಎಲ್ಲರೂ ಒಟ್ಟಿಗೆ ಏಳರ ನಡೆಗೆ ಬಿದ್ದ ಮೇಲೆ, ಒಂದು ಸುತ್ತಿನ ನಡುವೆ 'ಟಕ್' ಎಂದು ಮರದ ಚಕ್ಕೆಯ ಮೇಲೆ ಕಡ್ಡಿ ತಾಗಿದಂಥ ಸದ್ದು. ಆ ಸದ್ದಿನೊಡನೆ ಉಳಿದ ಪೆಟ್ಟುಗಳೆಲ್ಲ ಮಾಯ. ಬೀಳಬೇಕು, ಬಿದ್ದೇ ಬಿಟ್ಟಿತು ಎಂದು ಹೆಬ್ಬೆರಳು ನಿಲ್ಲುವಷ್ಟರಲ್ಲಿ ಹಾಡು ಮುಂದಿನ ಸುತ್ತಿನ ತಲೆಯ ಮೇಲೆ ನಿಂತಿರುತ್ತಿತ್ತು. ತಿರುಗಿ ಹಾಕಿಸಿದ. ಮತ್ತೆ ಅದೇ ಜಾಗ, ಅದೇ 'ಟಕ್', ಅದೇ ನುಂಗಿದ ಪೆಟ್ಟು. ಯಾವ ದಿನ ಹಾಕಿದರೂ ತಪ್ಪುತ್ತಿರಲಿಲ್ಲ.

ಹುಳುಕು ಬಿದ್ದ ಪ್ಲೇಟನ್ನು ಅವನು ಕಂಡಿರಲಿಲ್ಲವೆಂದಲ್ಲ. ಮದುವೆ ಮನೆಗಳಿಗೆ ಮೈಕ್ ಸೆಟ್ಟಿನವರು ತರುತ್ತಿದ್ದ ಹಳೆಯ ಪ್ಲೇಟುಗಳಲ್ಲಿ ಮುಳ್ಳು ಸಿಕ್ಕಿಕೊಂಡು, ಅದೇ ಪದ ತಿರುಗಿ ತಿರುಗಿ ಬರುತ್ತಿತ್ತು. ಯಾರಾದರೂ ಓಡಿಹೋಗಿ ತಟ್ಟಬೇಕಾಗುತ್ತಿತ್ತು. ಪ್ಲೇಟು ಕೆಟ್ಟರೆ ಹೇಳಿದ್ದನ್ನೇ ಹೇಳುತ್ತದೆ ಎಂಬುದು ಆ ಸೀಮೆಯ ಎಲ್ಲರಿಗೂ ಗೊತ್ತಿದ್ದ ಸಂಗತಿ. ಕೆಟ್ಟ ಪ್ಲೇಟು ಮುಂದಕ್ಕೂ ಹಾರಬಲ್ಲದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಆ ನುಂಗಿದ ಪೆಟ್ಟು ಅವನನ್ನು ಹಿಡಿದುಕೊಂಡಿತು. ನೇಗಿಲ ಹಿಂದೆ ನಡೆಯುವಾಗ ಇದ್ದಕ್ಕಿದ್ದಂತೆ ಒಂದು ಹೆಜ್ಜೆ ನುಂಗಿ ನೋಡುತ್ತಿದ್ದ. ಎತ್ತುಗಳು ತಬ್ಬಿಬ್ಬಾಗುತ್ತಿದ್ದವು. ಊಟಕ್ಕೆ ಕುಳಿತವನು ಮುದ್ದೆಯ ಮೇಲೆ ಬೆರಳಾಡಿಸುತ್ತ ಕೂತುಬಿಡುತ್ತಿದ್ದ.

"ಏನಾಗೈತೆ ನಿಂಗೆ?" ಎಂದಳು ಮುನಿತಾಯಮ್ಮ. "ಎಲ್ಲಾ ಹೋಗಿ ಹೋಗಿ ಪಿಳ್ಳಣ್ಣನ ಮನೆ ಜಗಲಿ ಕಾಯ್ತಾ ಇದ್ಯಲ್ಲ. ಆ ಹುಡುಗ ನಗೋದು ನಂಗ್ಯಾಕೋ ಸರಿ ಕಾಣಾಕಿಲ್ಲ."

"ಸುಮ್ನಿರೆ. ಇಷ್ಟು ದಿನ ನಾನು ಬೀಳೋದು ಒಂದೇ ಕೇಳಿದ್ದೆ. ಬಿದ್ದಂಗೆ ಮಾಡಿ ನಿಲ್ಲೋದು ಈಗ ಕೇಳಿದೆ. ದೇವರು ಕಿವಿ ಕೊಟ್ಟಿದ್ದು ಇದಕ್ಕೇ ಕಣೆ."

ಪಂದ್ಯದ ದಿನ ಭಾನುವಾರ. ಮಧ್ಯಾಹ್ನದ ಊಟ ಮುಗಿಸಿಕೊಂಡು ಸುತ್ತಮುತ್ತಲ ಹಳ್ಳಿಯವರೆಲ್ಲ ಶಾಲೆಯ ಬಯಲಿಗೆ ಬಂದಿದ್ದರು. ಭಜನೆಗೆ ಮೊದಲು ವಿಲಾಯಿತಿ ಪ್ಲೇಟಿನ ತೀರ್ಪು ಎಂದು ಅಪ್ಪಯ್ಯಣ್ಣ ಮೈಕಿನಲ್ಲಿ ಸಾರಿದ. ಪ್ಲೇಯರಿನ ಮುಂದೆ ಮೈಕ್ ಇಟ್ಟರು. ಚಿಕ್ಕವೆಂಕಟಪ್ಪ ಒಗೆದ ಪಂಚೆಯುಟ್ಟು, ಆ ಕುರ್ಚಿಯಲ್ಲಿ ಮೊದಲ ಬಾರಿಗೆ ಕಣ್ಣು ತೆರೆದು ಜನರ ಕಡೆಗೆ ನೋಡುತ್ತ ಕುಳಿತ.

ಹಾಡು ಶುರುವಾಯಿತು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡರು. "ಯಾರಿಗೋ ದೆವ್ವ ಬಿಡಿಸ್ತಾವ್ರೆ" ಎಂದಿತು ಒಂದು ದನಿ. ಚಿಕ್ಕವೆಂಕಟಪ್ಪ ಕೈಯೆತ್ತಿ ಸುಮ್ಮನಾಗಿಸಿದ. ಕೊಳಲು ಮುಗಿಯಿತು. ಏಳರ ನಡೆ ಬಂತು. 'ಟಕ್.'

"ನಿಲ್ಸು!" ಎಂದು ಎದ್ದು ನಿಂತ. ಅವನ ಮುಖ ಅರಳಿತ್ತು. "ಕೇಳಿದ್ರಾ? ಇದು, ಇದು! ಉಳಿದಿದ್ದೆಲ್ಲ ಉದ್ದ ಆಯ್ತು, ಮೆರೆದಾಟ ಜಾಸ್ತಿ ಆಯ್ತು, ಹಾಡೋನು ಮನೆಗೆ ಹೋಗಬಹುದು. ಆದ್ರೆ ಈ ಒಂದು ಜಾಗ ಐತಲ್ಲ, ಆ ಬಾರಿಸೋನು ಕಡ್ಡೀಲಿ ಟಕ್ ಅನ್ಸಿ ಅರ್ಧ ಸುತ್ತನ್ನೇ ನುಂಗಿಬಿಟ್ಟ. ನುಂಗಿದ್ರೂ ಬೀಳಲಿಲ್ಲ. ನಲವತ್ತು ವರ್ಷದಾಗೆ ಇಂಥ ಪೆಟ್ಟು ನಾನು ಕೇಳಿಲ್ಲ. ನಮ್ಮ ಹೋಬಳೀಲಿ ಯಾವೋನೂ ಹಾಕಲಾರ. ಚೆನ್ನಾಗೈತೆ! ಬಲು ಚೆನ್ನಾಗೈತೆ!"

ಅವನ ಬಾಯಿಂದ ಹೊಗಳಿಕೆ ಕೇಳಿ ಜನ ಬೆರಗಾದರು. ತಾಳ ಹಿಡಿದು ಸಿದ್ಧರಾಗಿ ಕುಳಿತಿದ್ದ ಭಜನೆಯವರ ಮುಖ ಸಣ್ಣಗಾಯಿತು.

ರಾಮಾಂಜಿನಪ್ಪ ಅವಸರಪಡಲಿಲ್ಲ. ಚೀಲದಿಂದ ಇನ್ನೊಂದು ಪ್ಲೇಟು ತೆಗೆದ. ಅದೇ ಬೋಳುಗುಡ್ಡ, ಅದೇ ತೇಲುವ ಬಾಗಿಲು.

"ಅಣ್ಣಾ, ಇದು ಇಂಜಿನಿಯರ್ ಸಾಹೇಬರ ಸ್ವಂತದ್ದು. ಅದೇ ಹಾಡು. ಹೊಸಾದು. ಆ ಜಾಗ ಇದರಾಗೂ ಒಂದ್ ಸಲ ಕೇಳಿಬಿಡಿ."

ಮುಳ್ಳು ಇಟ್ಟ. ಕೊಳಲು ಮುಗಿಯಿತು, ಏಳರ ನಡೆ ಬಂತು. ಮತ್ತೆ ಕುರ್ಚಿಯಲ್ಲಿ ಕುಳಿತ ಚಿಕ್ಕವೆಂಕಟಪ್ಪನ ಹೆಬ್ಬೆರಳು ಆ ಜಾಗಕ್ಕೆ ಕಾಯುತ್ತಿತ್ತು. 'ಟಕ್' ಬರಲಿಲ್ಲ. ಏಳು ಏಳಾಗಿಯೇ, ಒಂದು ಪೆಟ್ಟೂ ಕಡಿಮೆಯಿಲ್ಲದೆ, ಸರಾಗವಾಗಿ ಹರಿದುಹೋಯಿತು.

ರಾಮಾಂಜಿನಪ್ಪ ಮೊದಲಿನ ಪ್ಲೇಟನ್ನು ಬಿಸಿಲಿಗೆ ಹಿಡಿದು ಎಲ್ಲರಿಗೂ ಕಾಣುವಂತೆ ತಿರುಗಿಸಿದ. ಕಪ್ಪು ಮೈಯ ಮೇಲೆ ಓರೆಯಾದ ಒಂದು ಗೀರು ಹೊಳೆಯಿತು.

"ದಬ್ಬಳ" ಎಂದ ಮೈಕಿನಲ್ಲಿ. "ಗೋಣೀಚೀಲ ಹೊಲಿಯೋ ದಬ್ಬಳ. ನಾನೇ ಗೀರಿದ್ದು, ನಮ್ಮನೆ ಜಗಲಿ ಮೇಲೆ ಕೂತ್ಕೊಂಡು. ಬಾರಿಸೋನಿಗೆ ಇದರ ವಿಷಯ ಏನೂ ಗೊತ್ತಿಲ್ಲ ಪಾಪ. ಅಣ್ಣ ನಲವತ್ತು ವರ್ಷದಾಗೆ ಕೇಳದೆ ಇದ್ದ ಪೆಟ್ಟು ನನ್ನ ದಬ್ಬಳದ್ದು!"

ಚಪ್ಪರದ ಹಿಂದಿನಿಂದ "ಬಿತ್ತು!" ಎಂಬ ಕೂಗು ಬಂತು. ಇನ್ನೊಂದು ಬಂತು. ಆಮೇಲೆ ಯಾವ ಕೂಗು ಯಾರದೆಂದು ತಿಳಿಯಲಿಲ್ಲ. ಹಿಂದಿನ ವರ್ಷಗಳಲ್ಲಿ ಅರ್ಧ ಹಾಡಿನಲ್ಲಿ ಎದ್ದು ಹೋದವರು, ಅವರ ಅಣ್ಣತಮ್ಮಂದಿರು, ಏನೂ ಗೊತ್ತಿಲ್ಲದ ಮಕ್ಕಳು, ಎಲ್ಲರೂ ಚಪ್ಪಾಳೆ ತಟ್ಟಿಕೊಂಡು, ತಪ್ಪದ ತಾಳದಲ್ಲಿ, ಅದನ್ನೇ ಕೂಗಿದರು.

ಚಿಕ್ಕವೆಂಕಟಪ್ಪ ಕೈಯೆತ್ತಿದ. ಬಹಳ ಹೊತ್ತಿನ ಮೇಲೆ ಸದ್ದು ಅಡಗಿತು.

"ಎರಡನೇದು ಸರಿಯಾಗೈತೆ" ಎಂದ. "ಸರಿಯಾಗೈತೆ, ಒಪ್ಕಂತೀನಿ. ಆದ್ರೆ... ಮೊದಲ್ನೇದೇ ಚೆನ್ನಾಗೈತೆ."

ಆಗ ಎದ್ದ ನಗೆಗೆ ಶಾಲೆಯ ಹಂಚಿನ ಮೇಲಿದ್ದ ಪಾರಿವಾಳಗಳು ಹಾರಿದವು. ಮೊದಲಿನ ತಪ್ಪನ್ನಾದರೂ ಜನ ಮರೆಯುತ್ತಿದ್ದರೋ ಏನೋ. ಈ ಮಾತನ್ನು ಮಾತ್ರ ಅವರು ಮರೆಯಲಿಲ್ಲ. ಅಪ್ಪಯ್ಯಣ್ಣ ಬಂದು ಹೆಗಲ ಮೇಲೆ ಕೈಯಿಟ್ಟ.

"ಏಳಪ್ಪ ಸಾಕು. ಕುರ್ಚಿ ಬಿಟ್ಟುಕೊಡು. ಹುಡುಗರು ಹಾಡ್ಬೇಕು, ಹೊತ್ತಾಯ್ತದೆ."

ಅವನು ಎದ್ದ. ಜನರ ನಡುವೆ ದಾರಿ ಮಾಡಿಕೊಂಡು ಹೋಗುವಾಗ ಅವನ ಒಂದೊಂದು ಹೆಜ್ಜೆಗೂ ಮಕ್ಕಳು "ಟಕ್, ಟಕ್" ಎಂದು ನಾಲಗೆ ಚಪ್ಪರಿಸಿದರು.

ಅಂದು ರಾಮಾಂಜಿನಪ್ಪ ಮನೆಗೆ ಓಡಿಹೋಗಿ ತಂದೆಗೆ ಎಲ್ಲವನ್ನೂ ಹೇಳಿದನಂತೆ. ಪಿಳ್ಳಣ್ಣ ನಗಲಿಲ್ಲ. "ಆವತ್ತು ನನ್ನ ಕೈ ತಪ್ಪಿದ್ದು ನಿಜ ಕಣೋ" ಎಂದನಂತೆ. "ನಾನು ಸಿಟ್ಟು ಮಾಡ್ಕೊಂಡಿದ್ದು ಅವನು ಸುಳ್ಳು ಹೇಳ್ದ ಅಂತಲ್ಲ. ಇನ್ನು ಮ್ಯಾಕೆ ನಿಜ ಹೇಳೋರ್ಯಾರೋ, ಮುಂಡೇದೆ?" ರಾಮಾಂಜಿನಪ್ಪ ಪ್ಲೇಯರನ್ನು ಹೊತ್ತುಕೊಂಡು ಸಂಜೆಯ ಬಸ್ಸಿಗೇ ಬೆಂಗಳೂರಿಗೆ ಹೊರಟುಬಿಟ್ಟ.

ಮುಂದಿನ ವರ್ಷದಿಂದ ಪಂದ್ಯಕ್ಕೆ ಮೂವರು ಹೊಸ ತೀರ್ಪುಗಾರರು ಬಂದರು. ಅವರು ಮಾರ್ಕು ಹಾಕುತ್ತಿದ್ದರು, ಉಡುಪಿಗೂ ಮಾರ್ಕು, ಭಕ್ತಿಗೂ ಮಾರ್ಕು. ಹಾಡಿದವರಿಗೆಲ್ಲ ಒಂದೊಂದು ಸ್ಟೀಲ್ ಲೋಟ ಸಿಗುತ್ತಿತ್ತು. ಯಾವ ತಂಡವೂ ಬೀಳುತ್ತಿರಲಿಲ್ಲ.

ಚಿಕ್ಕವೆಂಕಟಪ್ಪ ಬಯಲಿನ ಕಡೆ ಹೋಗುವುದನ್ನು ಬಿಟ್ಟ. ಆದರೆ ಮದುವೆ, ನಾಮಕರಣಗಳಿಗೆ ಹೋಗದೆ ಇರಲಾಗುತ್ತದೆಯೇ? ಓಲಗದವರು ಅವನನ್ನು ಕಂಡರೆ ಬೇಕೆಂದೇ ವಕ್ರವಾಗಿ ಬಾರಿಸಿ, "ಹೆಂಗಿತ್ತಣ್ಣ?" ಎಂದು ಕೇಳುತ್ತಿದ್ದರು.

"ಚೆನ್ನಾಗಿತ್ತಪ್ಪ" ಎನ್ನುತ್ತಿದ್ದ.

"ದಬ್ಬಳ ಏನಾದ್ರೂ ಕೇಳಿಸ್ತಾ?"

"ಇಲ್ಲಪ್ಪ. ಚೆನ್ನಾಗಿತ್ತು."

ಮನೆಯಲ್ಲಿ ಮುನಿತಾಯಮ್ಮ ಖಾರ ಕುಟ್ಟುತ್ತಿದ್ದಳು. ಎಷ್ಟೋ ಸಲ, ಅವನು ಜಗಲಿಯಲ್ಲಿ ಇದ್ದಾನೆಂದು ತಿಳಿದು, ಒನಕೆಯನ್ನು ಅಡ್ಡಾದಿಡ್ಡಿ ಎತ್ತಿಹಾಕಿ ಕಿವಿಗೊಟ್ಟು ನಿಲ್ಲುತ್ತಿದ್ದಳು. ಹೊರಗಿನಿಂದ ಏನೂ ಕೇಳಿಬರುತ್ತಿರಲಿಲ್ಲ.

ಹೀಗೆ ನಾಲ್ಕಾರು ವರ್ಷ ಕಳೆಯಿತು. ಒಂದು ಮಧ್ಯಾಹ್ನ ಪಿಳ್ಳಣ್ಣ ಅವನ ಮನೆಯ ಮುಂದೆ ಬಂದು ನಿಂತ. ವಯಸ್ಸಾಗಿ ಬೆನ್ನು ಬಾಗಿತ್ತು. ಹೆಗಲಿನಲ್ಲಿ ಡೋಲಕ್ ನೇತುಹಾಕಿಕೊಂಡಿದ್ದ. ಹೊಸ ಚರ್ಮ ಕಟ್ಟಿಸಿದ್ದು ಕಾಣುತ್ತಿತ್ತು. ಚಿಕ್ಕವೆಂಕಟಪ್ಪ ಗಾಬರಿಯಿಂದ ಎದ್ದು ಚಾಪೆ ಹಾಸಿದ.

"ಮತ್ತೆ ಬಾರಿಸೋಕೆ ಹಿಡಿದಿದೀನಿ" ಎಂದ ಪಿಳ್ಳಣ್ಣ, ನಿನ್ನೆ ತಾನೆ ಮಾತಾಡಿ ಬಿಟ್ಟವನಂತೆ. "ಕೈ ಐತೋ ಹೋಗೈತೋ ನೋಡಿ ಹೇಳು."

"ನಾನೇನ್ ಹೇಳ್ಲಿ ಪಿಳ್ಳಣ್ಣ. ಆ ಮೂರು ಜನ ಅವ್ರಲ್ಲ, ಅವ್ರನ್ನ..."

"ಅವ್ರು ಲೋಟ ಕೊಡ್ತಾರೆ. ಮನೇಲಿ ಲೋಟ ಅವೆ ನಂಗೆ. ತಿರುಗಿ ಕೂತ್ಕೋ."

ಚಿಕ್ಕವೆಂಕಟಪ್ಪ ಬೆನ್ನು ಮಾಡಿ ಕುಳಿತು ಕಣ್ಣು ಮುಚ್ಚಿದ. ಪಿಳ್ಳಣ್ಣ ಆದಿತಾಳಕ್ಕೆ ಕೈಯಿಟ್ಟ. ಮುದಿ ಕೈಯಾದರೂ ಪೆಟ್ಟು ಒಂದೊಂದೂ ಬಿಡಿಬಿಡಿಯಾಗಿ, ಶುದ್ಧವಾಗಿ ಬೀಳುತ್ತಿತ್ತು. ಹೆಬ್ಬೆರಳು ತಾನಾಗಿಯೇ ಗೆಣ್ಣಿನ ಮೇಲೆ ನಡೆಯತೊಡಗಿತು. ಅವನ ಎದೆ ಬಹಳ ವರ್ಷದ ಮೇಲೆ ಹಗುರಾಯಿತು. ಸ್ವಲ್ಪ ದೂರ ಹೋದ ಮೇಲೆ ಎಡಗೈಯ ಒಂದು ಪೆಟ್ಟು ಇಲ್ಲವಾಯಿತು.

ಹೆಬ್ಬೆರಳು ನಿಂತಿತು. ಬಾಯಿ ತೆರೆಯಿತು. ಒಳಗೆ ಮುನಿತಾಯಮ್ಮ ಬೀಸುತ್ತಿದ್ದ ಕಲ್ಲನ್ನು ನಿಲ್ಲಿಸಿದಳು. ಪಿಳ್ಳಣ್ಣ ಕಾಯುತ್ತ, ಬಾರಿಸುತ್ತಲೇ ಇದ್ದ.

"ಚೆನ್ನಾಗೈತೆ" ಎಂದ ಚಿಕ್ಕವೆಂಕಟಪ್ಪ.

ಪಿಳ್ಳಣ್ಣ ಮತ್ತೆ ಮೊದಲಿನಿಂದ ಹಿಡಿದ. ಈ ಸಲ ಎರಡು ಪೆಟ್ಟನ್ನು ಒಟ್ಟಿಗೆ ಬಿಟ್ಟ. ಬೀದಿಯಲ್ಲಿ ಹೋಗುವವರೂ ನಿಂತು ನೋಡುವಷ್ಟು ಒರಟಾಗಿ ಬಿಟ್ಟ.

"ಬಲು ಚೆನ್ನಾಗೈತೆ ಪಿಳ್ಳಣ್ಣ."

ಡೋಲಕ್ ನಿಂತಿತು.

"ಬೇಕಂತಲೇ ಬಿಟ್ಟೆ ಕಣಯ್ಯ" ಎಂದ ಪಿಳ್ಳಣ್ಣ. "ಎರಡ್ ಸಲಾನೂ. ನಿನ್ನ ಬಾಯಿಂದ ಅದೊಂದು ಮಾತು ಬರಲಿ ಅಂತ, ಚರ್ಮ ಕಟ್ಟಿಸ್ಕೊಂಡು ಬಂದೆ. ನಿಜವಾಗ್ಲೂ ಕೇಳಿಸ್ಲಿಲ್ವಾ?"

ಚಿಕ್ಕವೆಂಕಟಪ್ಪ ತಿರುಗಲಿಲ್ಲ. "ಕೇಳಿಸ್ತು" ಎಂದ. "ಪೆಟ್ಟು ಇಲ್ಲ ಅನ್ನೋದು ಕೇಳಿಸ್ತು. ಇಲ್ಲದೆ ಇರೋದು ತಪ್ಪಾ, ಇಲ್ಲಾ ಅದೇ ಚೆಂದಾನಾ, ಅದೊಂದು ಈಗ ನಂಗೆ ಗೊತ್ತಾಗಾಕಿಲ್ಲ. ನೀನು ಬೇಕಂತ ಬಿಟ್ಟೆ ಅಂತೀಯ. ಬೇಕಂತ ಬಿಟ್ಟಿದ್ದು ತಪ್ಪಾಯ್ತದಾ? ಹೇಳು ಪಿಳ್ಳಣ್ಣ. ನೀನು ಬಾರಿಸೋನು, ನೀನೇ ಹೇಳು."

ಪಿಳ್ಳಣ್ಣ ಡೋಲಕ್ಕನ್ನು ಮಡಿಲಿನಿಂದ ಇಳಿಸಿದ. ಮುನಿತಾಯಮ್ಮ ಕಾಫಿ ತಂದಿಟ್ಟಳು. ಅವನು ಅದನ್ನು ಮುಟ್ಟದೆ, ಡೋಲಕ್ಕನ್ನು ಹೆಗಲಿಗೇರಿಸಿಕೊಂಡು, ಮೆಟ್ಟಿಲಿಳಿದು ಹೋದ.

ಚಿಕ್ಕವೆಂಕಟಪ್ಪ ಕಣ್ಣು ಮುಚ್ಚಿಕೊಂಡು, ಮುಂದಿನ ಪೆಟ್ಟಿಗಾಗಿ ಕಾಯುತ್ತ, ಹಾಗೆಯೇ ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿದ್ದ.

"ಎದ್ದೋದ ಅವ್ನು" ಎಂದಳು ಮುನಿತಾಯಮ್ಮ. "ಇನ್ನ್ಯಾರ್ಗೆ ಕೂತಿದ್ಯಾ? ಏಳು, ಎತ್ತಿಗೆ ನೀರು ತೋರ್ಸು."